ಮುಖ ತಿರುಗಿಸುವ ಮಗು

ಇವತ್ತಿಗೂ ಯಾರಾದರೂ ಚಿಕ್ಕ ಮಗುವಿನ ಗದ್ದ ಹಿಡಿದು, ಮುಖವನ್ನು ತಮ್ಮ ಕಡೆ ತಿರುಗಿಸಿ, "ಇಲ್ಲಿ ನೋಡು, ಇಲ್ಲಿ ನೋಡು" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಮ್ಮೆ ದಾದರ್ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುತ್ತ ನಿಂತಿದ್ದಾಗ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳ ಕೈಯನ್ನು ಅವಳ ಮಗುವಿನ ಗದ್ದದಿಂದ ತಳ್ಳಿಬಿಟ್ಟಿದ್ದೆ. ಅವಳು ಮರಾಠಿಯಲ್ಲಿ ಬಾಯಿಗೆ ಬಂದಂತೆ ಬೈದಳು. ಬೈಯಲಿ. ನಾನು ತಳ್ಳಿದ್ದು ಅವಳ ಕೈಯನ್ನಲ್ಲ, ನನ್ನದೇ ಕೈಯನ್ನು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾವು ಮುಂಬಯಿಯ ಆಂಟಾಪ್ ಹಿಲ್ಲಿನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ನಾಲ್ಕು ಬಟ್ಟೆ ಒಣಹಾಕುವಷ್ಟು ಬಾಲ್ಕನಿ. ಮನೆಯಲ್ಲಿ ನಾನು, ನನ್ನ ಗಂಡ, ಎರಡು ವರ್ಷದ ಮಗಳು, ಅತ್ತೆ. ಗಂಡನ ಅಣ್ಣ, ಅಂದರೆ ನಮ್ಮ ಭಾವ, ದಾದರಿನಲ್ಲಿ ಹೋಟೆಲು ನಡೆಸುತ್ತಿದ್ದರು. ಉಡುಪಿ ಕಡೆಯಿಂದ ಮೊದಲು ಈ ಊರಿಗೆ ಬಂದವರು ಅವರು. ತಮ್ಮನನ್ನು ಓದಿಸಿದವರು, ಕೆಲಸಕ್ಕೆ ಹಚ್ಚಿದವರು, ನಮ್ಮ ಮದುವೆ ಮಾಡಿಸಿದವರು ಎಲ್ಲ ಅವರೇ. ಆದ್ದರಿಂದ ಅವರು ಒಂದು ಮಾತು ಆಡಿದರೆ ನಮ್ಮ ಮನೆಯಲ್ಲಿ ಅದಕ್ಕೆ ಎದುರು ಮಾತು ಇರಲಿಲ್ಲ.

ಮಗಳಿಗೆ ಐದಾರು ತಿಂಗಳಾದಾಗ ಕಣ್ಣಿನಲ್ಲಿ ಏನೋ ಐಬು ಇದೆ ಎಂದು ತಿಳಿಯಿತು. ಕಣ್ಣುಗುಡ್ಡೆ ಒಂದು ಕಡೆ ನಿಲ್ಲುತ್ತಿರಲಿಲ್ಲ, ಅತ್ತ ಇತ್ತ ಸಣ್ಣಗೆ ಅಲ್ಲಾಡುತ್ತಲೇ ಇರುತ್ತಿತ್ತು. ಅಂದಿನಿಂದ ನಮ್ಮ ಕಾಲೊನಿಯ ಹೆಂಗಸರೆಲ್ಲ ಕಣ್ಣಿನ ಡಾಕ್ಟರುಗಳಾದರು. ಬಂದವರೆಲ್ಲ ಮಗುವಿನ ಮುಖದ ಮುಂದೆ ಚಿಟಿಕೆ ಹೊಡೆಯುವುದು, ಬೀಗದ ಕೈಗೊಂಚಲು ಆಡಿಸುವುದು, ಚಪ್ಪಾಳೆ ತಟ್ಟುವುದು. ಮಗು ತಿರುಗಿದರೆ "ಕಾಣ್ತದೆ ಕಾಣ್ತದೆ" ಎಂದು ಕಾಫಿ ಕುಡಿದು ಹೋಗುವುದು. ಪಕ್ಕದ ಮನೆಯ ಬಿಜಾಪುರದ ಕಡೆಯ ಹೆಂಗಸು ಮಾತ್ರ ಒಮ್ಮೆ, "ಅಲ್ರೀ ಅಕ್ಕಾರ, ಚಪ್ಪಾಳಿ ಹೊಡದ್ರ ಯಾರರ ತಿರಗತಾರ್ರೀ" ಎಂದಿದ್ದಳು. ಅವಳ ಮೇಲೂ ನನಗೆ ಸಿಟ್ಟು ಬಂದಿತ್ತು. ನಾಲ್ಕು ದಿನ ಅವಳ ಜೊತೆ ಮಾತು ಬಿಟ್ಟೆ.

ನನ್ನ ಹತ್ತಿರ ಬೇರೆ ಪುರಾವೆ ಇತ್ತು. ನಾನು ಅಡುಗೆಮನೆಯಿಂದ ಬಂದರೆ ಸಾಕು, ಬಾಯಿ ತೆರೆಯುವ ಮೊದಲೇ, ಮಗು ಎರಡೂ ತೋಳೆತ್ತಿ ನಗುತ್ತಿತ್ತು. ನಾನು ಕೈ ಚಾಚಿದರೆ ನೇರ ಬಂದು ಮಡಿಲಿಗೆ ಬೀಳುತ್ತಿತ್ತು. ಕಣ್ಣು ಕಾಣದ ಮಗು ತಾಯಿಯನ್ನು ನೋಡಿ ನಗುತ್ತದೆಯೇ? ಇದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಹೇಳುವಾಗ ಕೈ ಕುಣಿಸಿ ತೋರಿಸುತ್ತಿದ್ದೆ, ಮದುವೆಯ ದಿನದಿಂದ ಒಂದು ಗಳಿಗೆಯೂ ಬರಿದಾಗಿರದ ನನ್ನ ಎರಡು ಕೈ, ಮೊಣಕೈವರೆಗೆ ಹಸಿರು ಗಾಜಿನ ಬಳೆ.

ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದೆವು. ಬೆಳಿಗ್ಗೆ ಏಳಕ್ಕೆ ಸಾಲಿನಲ್ಲಿ ಕೂತವರ ಸರದಿ ಬಂದದ್ದು ಹನ್ನೆರಡೂವರೆಗೆ. ಮಗು ಅತ್ತು ಅತ್ತು ಸುಸ್ತಾಗಿತ್ತು. ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟರು, ಎದುರು ಪೆನ್ನು ಹಿಡಿದರು. ಮಗು ಮುಖವನ್ನು ಬಲಕ್ಕೆ ತಿರುಗಿಸಿತು. ಅವರು ಗದ್ದ ಹಿಡಿದು ನೇರ ಮಾಡಿದರು. ಮತ್ತೆ ತಿರುಗಿಸಿತು. ಮತ್ತೆ ನೇರ ಮಾಡಿದರು. ಪೆನ್ನು ಆಮೇಲೆ ಕಾಗದದ ಮೇಲೆ ಓಡಿತು. ದೃಷ್ಟಿ ಇಲ್ಲ. ನಾನು ನನ್ನ ಹರುಕು ಹಿಂದಿಯಲ್ಲಿ, "ಸಾಹೇಬ್, ದೇಖ್ತೀ ಹೈ, ಮೇರೇ ಪಾಸ್ ಆತೀ ಹೈ" ಎಂದೆ, ಇವಳಿಗೆ ಕಾಣುತ್ತದೆ, ನನ್ನ ಹತ್ತಿರ ಬರುತ್ತಾಳೆ ಅಂತ. ಅವರು ತಲೆಯೆತ್ತದೆ, "ಹರ್ ಮಾ ಯಹೀ ಬೋಲ್ತೀ ಹೈ" ಎಂದು ಮುಂದಿನವರನ್ನು ಕರೆದರು. ಎಲ್ಲ ತಾಯಂದಿರೂ ಹೀಗೇ ಹೇಳುತ್ತಾರಂತೆ. ಎಲ್ಲ ತಾಯಂದಿರೂ ಹೇಳುವುದಾದರೆ ಒಬ್ಬಳ ಮಾತನ್ನಾದರೂ ಕೂತು ಕೇಳಬಾರದೇ? ಭಾವನ ಹೋಟೆಲಿನಲ್ಲಿ ಒಂದು ಕುಂಬಳಕಾಯಿ ಆರಿಸುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಆ ಕಾಗದ ಕೈಗೆ ಸಿಕ್ಕಿದ್ದೇ ತಡ, ಭಾವ ಒಂದು ಜಾಗ ಹುಡುಕಿಬಿಟ್ಟರು. ಊರಾಚೆ ಕುರುಡು ಮಕ್ಕಳ ವಸತಿ ಮನೆಯೊಂದಿತ್ತು. ಸಣ್ಣ ಮಕ್ಕಳನ್ನೂ ಇಟ್ಟುಕೊಳ್ಳುತ್ತಾರೆ, ಡಾಕ್ಟರ ಕಾಗದ ಇದ್ದರೆ ಆಯಿತು.

"ಇಲ್ಲಿಟ್ಟುಕೊಂಡು ಎಂತ ಮಾಡ್ತೀರಿ?" ಎಂದರು. "ಅಲ್ಲಿಯವರಿಗೆ ಅಭ್ಯಾಸ ಉಂಟು. ಎಂಟು ದಿನಕ್ಕೊಮ್ಮೆ ಹೋಗಿ ನೋಡಿ ಬನ್ನಿ. ನಾಳೆ ಇನ್ನೊಂದು ಮಗು ಆಗ್ತದೆ, ಆಗ ನಿನಗೆ ಕೈ ಸಾಕಾಗ್ಲಿಕ್ಕಿಲ್ಲ."

ನನ್ನ ಗಂಡ ತಿರುಗುವ ಫ್ಯಾನು ನೋಡುತ್ತ ಕೂತಿದ್ದರು. ಅಣ್ಣನ ಎದುರು ಅವರಿಗೆ ಯಾವಾಗಲೂ ಫ್ಯಾನೇ ಗತಿ. ನಾನು ಬೇಡ ಎಂದೆ. ಆ ಮಾತು ಗೋಡೆಗೆ ಹೇಳಿದ ಹಾಗಾಯಿತು. ನನ್ನ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿಯದೆ ನಿದ್ದೆ ಹೋಗದ ಮಗು. ಅದನ್ನು ಒಯ್ದು ಗುರುತಿಲ್ಲದವರ ಕೈಯಲ್ಲಿ ಕೊಟ್ಟು ಬರಬೇಕು, ಅದೂ ಅವಳಿಗೆ ಕಾಣುತ್ತದೆ ಎಂದು ನನಗೆ ಗೊತ್ತಿದ್ದೂ. ನನಗೆ ಆಗ ಯಾರನ್ನು ನೋಡಿದರೂ ಹೊಡೆಯುವಷ್ಟು ಸಿಟ್ಟು.

ಈಗ ಅತ್ತೆಯ ವಿಷಯ ಹೇಳಬೇಕು. ಹೇಳದೆ ಇದ್ದರೆ ಈ ಬರೆಹಕ್ಕೆ ಅರ್ಥವಿಲ್ಲ. ಅತ್ತೆ ವಿಧವೆ. ತಲೆ ಬೋಳಿಸಿರಲಿಲ್ಲ, ಮುಂಬಯಿ ಅಷ್ಟು ಉಪಕಾರವನ್ನಾದರೂ ಮಾಡಿತ್ತು. ಆದರೆ ಉಡುವುದು ಅದೇ ಕಡುಗೆಂಪು ಮಡಿಸೀರೆ, ಬರಿ ಹಣೆ, ಬರಿಗೈ. ಯಾರಾದರೂ ಒಳ್ಳೆ ಕೆಲಸಕ್ಕೆ ಹೊರಟರೆ, ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದರೆ, ಅವರು ತಾವಾಗಿ ಅಡುಗೆಮನೆಯೊಳಗೆ ಸರಿಯುತ್ತಿದ್ದರು. ಯಾರೂ ಹೇಳಬೇಕಾಗಿರಲಿಲ್ಲ. ಅವರು ನಡೆದರೆ ಸದ್ದೇ ಇರುತ್ತಿರಲಿಲ್ಲ. ಇಷ್ಟು ಚಿಕ್ಕ ಮನೆಯಲ್ಲಿ ಹಿಂದೆ ಬಂದು ನಿಂತರೂ ಎಷ್ಟೋ ಸಲ ನನಗೆ ತಿಳಿಯುತ್ತಿರಲಿಲ್ಲ.

ಅವರು ಎದುರು ಬಂದರೆ ಮಗು ಮುಖ ತಿರುಗಿಸುತ್ತಿತ್ತು. ನಗು ಇಲ್ಲ, ತೋಳು ಎತ್ತುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಖವನ್ನು ಪೂರಾ ಬಲಕ್ಕೆ, ಗೋಡೆಯ ಕಡೆಗೆ ಹೊರಳಿಸಿ ಬಿಡುತ್ತಿತ್ತು. ಮೊದಲು ಇದನ್ನು ಗಮನಿಸಿದ್ದು ಭಾವನ ಹೆಂಡತಿ. ಆಮೇಲೆ ಬಂದವರೆಲ್ಲ ಗಮನಿಸಿದರು. ಮಕ್ಕಳಿಗೆ ತಿಳಿಯುತ್ತದೆ ಅಂದರು. ಅಂಥವರ ನೆರಳು ಮಕ್ಕಳಿಗೆ ಆಗುವುದಿಲ್ಲ ಅಂದರು. ಬಾಲ್ಕನಿಯಲ್ಲಿ ಒಣಗಲು ಹಾಕಿದ ಕರಿ ಕೊಡೆಯ ಮುಂದೆ, ಬಾಗಿಲಲ್ಲಿ ನಿಂತ ಪೋಸ್ಟ್‌ಮನ್ನಿನ ಮುಂದೆ ಸಹ ಮಗು ಹೀಗೇ ಮುಖ ತಿರುಗಿಸುತ್ತಿತ್ತು. ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಕೊಡೆಗೆ ಗಂಡ ಸತ್ತಿರಲಿಲ್ಲವಲ್ಲ.

ನಾನೂ ನಂಬಿದೆ. ಮೆಟ್ರಿಕ್ ಪಾಸಾದವಳು ನಾನು. ಒಂದು ದಿನ ಬೆಳಿಗ್ಗೆ, ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ, ಅತ್ತೆ ಬಿಸಿನೀರು ತಂದು ಎದುರು ನಿಂತರು. ಮಗು ಮುಖ ತಿರುಗಿಸಿತು. ನಾನು ಗದ್ದ ಹಿಡಿದು ನೇರ ಮಾಡಿದೆ, ಮಾಡಿ ಅತ್ತೆಗೆ ಹೇಳಿದೆ, "ಅತ್ತೆ, ಬೆಳಿಗ್ಗೆ ಬೆಳಿಗ್ಗೆ ನೀವು ಮಗುವಿನ ಎದುರು ಬರಬೇಡಿ." ಅವರು "ಆಯ್ತು" ಎಂದು ನೀರು ಇಟ್ಟು ಒಳಗೆ ಹೋದರು. ಅಂದಿನಿಂದ ಅಡುಗೆಮನೆಯ ಬಾಗಿಲಲ್ಲಿ ಇಣುಕಿ, ಮಗು ಎಲ್ಲಿದೆ ಎಂದು ನೋಡಿಕೊಂಡೇ ಹೊರಗೆ ಬರುತ್ತಿದ್ದರು. ಒಂದು ವರ್ಷದ ಮೇಲೆ ಹೀಗೆ ನಡೆಯಿತು. ಇದನ್ನು ಬರೆಯುವಾಗ ದುಃಖವಾಗುತ್ತದೆ ಎಂದರೆ ಸುಳ್ಳು. ನನಗೆ ಸಿಟ್ಟೇ ಬರುತ್ತದೆ, ಆ ಹರೆಯದ ಹೆಂಗಸು ಕೈಗೆ ಸಿಕ್ಕಿದರೆ ನಾಲ್ಕು ಬಾರಿಸುವಷ್ಟು ಸಿಟ್ಟು.

ವಸತಿ ಮನೆಯವರು ಸೇರಿಸಿಕೊಳ್ಳುವ ಮೊದಲು ಮಗುವನ್ನು ಮನೆಯಲ್ಲೇ ನೋಡಿ ಬರಲು ಒಬ್ಬ ಟೀಚರನ್ನು ಕಳಿಸುತ್ತಿದ್ದರು. ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಬಂದಳು. ಮರಾಠಿ ಹುಡುಗಿ, ಹೆಚ್ಚೆಂದರೆ ಇಪ್ಪತ್ತೈದು ವರ್ಷ. ನೂಲಿನ ಸೀರೆ, ಕೈಯಲ್ಲಿ ಚರ್ಮದ ಪಟ್ಟಿಯ ಗಡಿಯಾರ ಬಿಟ್ಟರೆ ಬೇರೇನಿಲ್ಲ. ಬಂದವಳು ಮಗುವನ್ನು ಮುಟ್ಟಲೇ ಇಲ್ಲ. ಮೂಲೆಯಲ್ಲಿ ನೆಲದ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದಳು. ಅರ್ಧ ಗಂಟೆ ಹಾಗೇ ಕೂತಳು. ಇವಳೇನು ಸಿನೆಮಾ ನೋಡಲು ಬಂದಳೇ ಎಂದು ನನಗೆ ಪಿತ್ತ ಕೆರಳಿತು.

ಆಮೇಲೆ ಏನೇನೋ ಕೇಳಿದಳು. ಮಗು ತಾನಾಗಿ ಕೂರುವುದು ಎಲ್ಲಿ? ಬೆಳಕಿನ ಕಡೆ ಹೋಗುತ್ತಾಳೋ, ಅದಕ್ಕೆ ಬೆನ್ನು ಮಾಡುತ್ತಾಳೋ? ತಟ್ಟೆಯಲ್ಲಿದ್ದದ್ದನ್ನು ತಾನೇ ಎತ್ತಿ ತಿನ್ನುತ್ತಾಳೋ, ಕೈಗೆ ಇಡಬೇಕೋ? ಇಂಥ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅರ್ಧ ಪ್ರಶ್ನೆಗಳಿಗೆ ನನಗೆ ಉತ್ತರವೂ ಗೊತ್ತಿರಲಿಲ್ಲ. ಕೊನೆಗೆ ನಾನೇ ಎದ್ದು, "ಇವಳು ನನ್ನನ್ನು ನೋಡಿ ಹೇಗೆ ಬರುತ್ತಾಳೆ ನೋಡಿ" ಎಂದು ದೂರ ನಿಂತು, ಬಾಯಿ ಮುಚ್ಚಿಕೊಂಡು, ಎರಡೂ ಕೈ ಚಾಚಿದೆ. ಮಗಳು ಮುಖವರಳಿಸಿ ಓಡಿ ಬಂದು ನನ್ನ ಕಾಲು ತಬ್ಬಿದಳು. ಗೆದ್ದೆ ಎಂದುಕೊಂಡೆ.

ಅವಳು ಮಗುವನ್ನು ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದಳು.

"ವಹಿನೀ, ಬಾಂಗಡ್ಯಾ ಕಾಢಾ ಜರಾ" ಎಂದಳು. ಅತ್ತಿಗೆ, ಸ್ವಲ್ಪ ಬಳೆ ತೆಗೆಯಿರಿ ಅಂತ.

ನಾನು ಕೂಗಾಡಿಬಿಟ್ಟೆ. ನನ್ನ ಗಂಡ ಆಫೀಸಿಗೆ ಹೋಗಿದ್ದಾರೆ, ಸತ್ತಿಲ್ಲ ಎಂದೆ. ನಿಮ್ಮಲ್ಲಿ ಹೇಗೋ ಗೊತ್ತಿಲ್ಲ, ನಮ್ಮಲ್ಲಿ ಮುತ್ತೈದೆ ಕೈ ಬರಿದು ಮಾಡಿಕೊಳ್ಳುವುದಿಲ್ಲ ಎಂದೆ. ಕನ್ನಡ, ಹಿಂದಿ, ಮರಾಠಿ ಯಾವುದು ಬಾಯಿಗೆ ಬಂತೋ ಅದರಲ್ಲಿ ಬೈದೆ. ಅವಳು ಎದ್ದು ಬಂದು, ಬಳೆಗಳನ್ನೆಲ್ಲ ಒತ್ತಿ ನನ್ನ ಎರಡೂ ಕೈಯನ್ನು ಗಟ್ಟಿಯಾಗಿ ಹಿಡಿದಳು. ನನ್ನನ್ನು ಸದ್ದಿಲ್ಲದೆ ನಡೆಸಿ ಮಗುವಿನ ಎದುರಿಗೆ, ಒಂದು ಮೊಳ ದೂರದಲ್ಲಿ ನಿಲ್ಲಿಸಿದಳು. ಮಗು ಚಮಚ ಹಿಡಿದು ಆಡುತ್ತಿತ್ತು. ತಲೆಯೆತ್ತಲಿಲ್ಲ. ನಾನು ಬಗ್ಗಿದೆ. ಅದರ ಮುಖ ನನ್ನ ಮುಖದ ನೇರಕ್ಕೇ ಇತ್ತು, ಆದರೆ ಅದರ ಪಾಲಿಗೆ ನಾನು ಅಲ್ಲಿ ಇರಲೇ ಇಲ್ಲ. ಟೀಚರು ಒಂದು ಕೈ ಬಿಟ್ಟಳು. ಬಳೆ ಘಲ್ಲೆಂದಿತು. ಮಗು ನಕ್ಕು ತೋಳೆತ್ತಿತು.

ಡಾಕ್ಟರು ಹೇಳಿದ್ದೇ ಸರಿ, ಭಾವ ಹೇಳಿದ್ದೇ ಸರಿ. ಎರಡು ವರ್ಷ ನನ್ನನ್ನು ನೋಡಿ ನಗುತ್ತಿದ್ದಾಳೆ ಎಂದುಕೊಂಡಿದ್ದೆ, ಅವಳು ಬಳೆಯ ಸದ್ದಿಗೆ ನಗುತ್ತಿದ್ದಳು.

"ಇನ್ನೂ ಮುಗಿದಿಲ್ಲ" ಎಂದಳು ಅವಳು ಹಿಂದಿಯಲ್ಲಿ. "ಏನು ಕಾಣುವುದಿಲ್ಲ ಅಂತ ಗೊತ್ತಾಯಿತು. ಏನು ಕಾಣುತ್ತದೆ ಅಂತ ನೋಡಬೇಕು. ನಾನು ಹೊಸಬಳು, ನನ್ನ ಹತ್ತಿರ ಅವಳು ಬರುವುದಿಲ್ಲ. ಮನೆಯವರೇ ಸದ್ದಿಲ್ಲದೆ ಓಡಾಡಬೇಕು. ಬಳೆ ತೆಗೆಯಿರಿ."

ಆಗಲೂ ನನ್ನಿಂದ ಆಗಲಿಲ್ಲ. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ? ಮಗಳ ಕಣ್ಣಿನ ಪ್ರಶ್ನೆ ಎದುರು ಕೂತಿದೆ, ನಾನು ಬಳೆ ಹಿಡಿದುಕೊಂಡು ಕೂತಿದ್ದೇನೆ. ಬೆರಳು ಬಳೆಯ ಮೇಲೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಬರಿಗೈಯ ಮನುಷ್ಯರು ಮನೆಯಲ್ಲಿ ಬೇರೆ ಯಾರೂ ಇಲ್ಲವೇ ಎಂದು ಅವಳು ಕೇಳಿದಳು.

"ನಾನುಂಟಲ್ಲ" ಎಂದರು ಅತ್ತೆ, ಅಡುಗೆಮನೆಯ ಒಳಗಿನಿಂದ.

ತರಕಾರಿಯವಳ ಜೊತೆ ಚೌಕಾಶಿ ಮಾಡಿ ಮಾಡಿ ಅವರಿಗೆ ಅಷ್ಟು ಹಿಂದಿ, ಮರಾಠಿ ತಿಳಿಯುತ್ತಿತ್ತು. ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತರು. ಹೊಸ್ತಿಲು ದಾಟಲಿಲ್ಲ. ನನ್ನ ಕಡೆ ನೋಡಿ, "ಈಗ ಮಗುವಿನ ಎದುರು ಬರಬಹುದಾ?" ಎಂದು ಕೇಳಿದರು. ವ್ಯಂಗ್ಯವಾಗಿ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೂ ಅಪ್ಪಣೆ ಕೇಳುತ್ತಿದ್ದರು. ನಾನು ತಲೆಯಾಡಿಸಿದೆ.

ಟೀಚರು ಅವರನ್ನು ಕೋಣೆಯ ಆ ತುದಿಗೆ, ಸುಣ್ಣ ಬಳಿದ ಬಿಳಿ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದಳು. ಬಾಲ್ಕನಿಯ ಬೆಳಕು ಅವರ ಮೇಲೆ ಬೀಳುತ್ತಿತ್ತು. ಯಾರೂ ಮಾತಾಡಲಿಲ್ಲ. ಮಗು ಚಮಚ ಕುಟ್ಟುವುದನ್ನು ನಿಲ್ಲಿಸಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮುಖವನ್ನು ಪೂರಾ ಬಲಕ್ಕೆ ತಿರುಗಿಸಿತು.

"ನೋಡಿ, ಯಾವಾಗಲೂ ಹೀಗೇ" ಎಂದೆ ನಾನು. ನನ್ನ ಕೈ ಆಗಲೇ ಗದ್ದದ ಕಡೆ ಹೊರಟಿತ್ತು. ಅವಳು ಅದನ್ನು ತಡೆದಳು.

ಮಗು ಎದ್ದಿತು. ಮುಖ ಹಾಗೇ ಬಲಗಡೆ ಗೋಡೆಗೆ, ಹೆಜ್ಜೆ ಮಾತ್ರ ಅತ್ತೆಯ ಕಡೆಗೆ. ನಡುವೆ ಇದ್ದ ಮಣೆಯನ್ನು ಎಡವಿ ಕೂತಿತು, ಮತ್ತೆ ಎದ್ದಿತು. ಎಲ್ಲೂ ತಡಕಾಡಲಿಲ್ಲ. ನೇರ ಹೋಗಿ ಆ ಕೆಂಪು ಸೀರೆಯನ್ನು ಮುಷ್ಟಿಯಲ್ಲಿ ಹಿಡಿಯಿತು.

ಟೀಚರು ನಂಬಲಿಲ್ಲ. ಅತ್ತೆಯನ್ನು ಬೇರೆ ಮೂಲೆಗೆ ಕಳಿಸಿದಳು, ಆಮೇಲೆ ಮತ್ತೊಂದು ಮೂಲೆಗೆ. ಮಗು ಮುಖ ತಿರುಗಿಸಿತು, ಹೋಯಿತು, ಹಿಡಿಯಿತು. ಅತ್ತೆಗೆ ಬಿಳಿ ಪಂಚೆ ಹೊದಿಸಿ ಅದೇ ಗೋಡೆಗೆ ನಿಲ್ಲಿಸಿದಳು. ಮಗು ಅತ್ತಿತ್ತ ತಲೆ ಹೊರಳಿಸಿ ಸುಮ್ಮನೆ ಕೂತಿತು. ಪಂಚೆ ತೆಗೆದ ಕೂಡಲೇ ಮತ್ತೆ ಮುಖ ಬಲಕ್ಕೆ, ಹೆಜ್ಜೆ ಅಜ್ಜಿಯ ಕಡೆಗೆ. ಅವಳು ಐದಾರು ಸಲ ಮಾಡಿಸಿದಳು. ಆಮೇಲೆ ನನ್ನ ಪಕ್ಕ ಕೂತು ನಿಧಾನವಾಗಿ ಹೇಳಿದಳು. ನಡುವೆ ಇವಳಿಗೆ ಏನೂ ಕಾಣುವುದಿಲ್ಲ. ಎಡಗಡೆ ಕಣ್ಣಂಚಿನಲ್ಲಿ ಕಾಣುತ್ತದೆ, ಅದೂ ಬಿಳಿಯ ಮೇಲೆ ಗಾಢ ಬಣ್ಣ ಇದ್ದರೆ. ಮುಖ ತಿರುಗಿಸಿದರೆ ಮಾತ್ರ ಆ ಅಂಚು ಎದುರಿಗೆ ಬರುತ್ತದೆ. ಅವಳು ಮುಖ ತಿರುಗಿಸುವುದು ಬೇಡ ಅಂತ ಅಲ್ಲ, ನೋಡುವುದಕ್ಕೆ.

"ಗದ್ದ ಹಿಡಿದು ನೇರ ಮಾಡಬೇಡಿ" ಎಂದಳು. "ಕಾಣುವುದನ್ನು ನೀವೇ ತಪ್ಪಿಸಿದ ಹಾಗೆ."

ದಿನಕ್ಕೆ ಹತ್ತು ಸಲ ಎಂದುಕೊಂಡರೂ ಎಷ್ಟು ಸಲ ತಪ್ಪಿಸಿದ್ದೆ ನಾನು! ಪ್ರೀತಿಯಿಂದ, ಮುದ್ದಿನಿಂದ, ಇಲ್ಲಿ ನೋಡು ಪುಟ್ಟಾ ಎನ್ನುತ್ತ. ಡಾಕ್ಟರು ಮಾಡಿದ್ದು ಎರಡೇ ಸಲ.

ಅತ್ತೆ ಮಗುವನ್ನು ಎತ್ತಿಕೊಳ್ಳಲಿಲ್ಲ. ಸೀರೆ ಹಿಡಿದ ಆ ಮುಷ್ಟಿಯನ್ನು ನೋಡುತ್ತ ನಿಂತಿದ್ದರು. ಒಳಗೆ ಸಾರು ಉಕ್ಕಿ ಸ್ಟೋವು ಆರಿತು. ಹೋಗಿ ನೋಡಿದ್ದು ನಾನು.

ಮುಂದಿನ ಭಾನುವಾರ ಬೆಳಿಗ್ಗೆ ಭಾವ ಸಹಿ ಹಾಕಿಸಿಕೊಳ್ಳಲು ಫಾರಂ ಹಿಡಿದು ಬಂದರು. ಟೀಚರು ಒಂದು ಚೀಟಿ ಬರೆದು ಕೊಟ್ಟು ಹೋಗಿದ್ದಳು, ಈ ಮಗುವಿಗೆ ಬಳಸಬಹುದಾದಷ್ಟು ದೃಷ್ಟಿ ಇದೆ, ಮನೆಯಲ್ಲೇ ಬೆಳೆಯುವುದು ಒಳ್ಳೆಯದು ಎಂದು. ಭಾವ ಅದನ್ನು ಓದಿ ಮಡಚಿ ಟೀಪಾಯಿಯ ಮೇಲಿಟ್ಟರು.

"ಎರಡು ಗಂಟೆ ಕೂತು ಹೋದ ಹುಡುಗಿ ದೊಡ್ಡ ಡಾಕ್ಟರಿಗಿಂತ ಹೆಚ್ಚಾ?" ಎಂದರು. "ನಾನು ಅಲ್ಲಿಯ ಟ್ರಸ್ಟಿಗೆ ಮಾತು ಕೊಟ್ಟು ಆಗಿದೆ. ಸಹಿ ಹಾಕು."

ನಾನು ಕಿರುಚಿದೆ. ಟೀಚರು ಹೇಳಿದ್ದೆಲ್ಲ ಹೇಳಿದೆ. ಭಾವ ನನ್ನ ಕಡೆ ನೋಡಲೂ ಇಲ್ಲ. ನನ್ನ ಗಂಡ ಒಮ್ಮೆ ನನ್ನನ್ನು, ಒಮ್ಮೆ ಫ್ಯಾನನ್ನು ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಅದರ ಟೊಪ್ಪಿ ಬಿಚ್ಚಿದರು. ಇಷ್ಟು ವರ್ಷ ಒಟ್ಟಿಗೆ ಬಾಳಿದೆವು, ಒಳ್ಳೆಯ ಮನುಷ್ಯ. ಆದರೆ ಆ ಟೊಪ್ಪಿ ಬಿಚ್ಚಿದ್ದನ್ನು ನಾನು ಕ್ಷಮಿಸಿಲ್ಲ.

ಆಗ ಅತ್ತೆ ಹೊರಗೆ ಬಂದರು. ದೊಡ್ಡ ಮಗ ಮಾತಾಡುವಾಗ ಅವರು ಹೊರಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಯಾರಿಗೂ ಏನೂ ಹೇಳದೆ, ಹೋಗಿ ಬಿಳಿ ಗೋಡೆಗೆ ಒರಗಿ ನಿಂತರು. ಮಗು ನನ್ನ ಮಡಿಲಲ್ಲಿತ್ತು. ಸ್ವಲ್ಪ ಹೊತ್ತಿಗೆ ಮುಖ ತಿರುಗಿಸಿತು.

"ಇದೇ ನೋಡು ನಾನು ಹೇಳುವುದು" ಎಂದರು ಭಾವ. "ಅಮ್ಮ ಬಂದ ಕೂಡಲೇ ಈಗಲೂ ಮುಖ ತಿರುಗಿಸ್ತದೆ."

ನಾನು ನನ್ನ ಬಳೆಗಳನ್ನು ಹೊಟ್ಟೆಗೆ ಒತ್ತಿ ಹಿಡಿದು ಉಸಿರು ಬಿಗಿಹಿಡಿದೆ. ಮಗು ನನ್ನ ಮಡಿಲಿಂದ ಜಾರಿತು. ಮುಖ ಬಲಕ್ಕೆ. ಭಾವನ ಕರಿ ಪ್ಯಾಂಟಿನ ಕಾಲು ದಾರಿಗೆ ಅಡ್ಡ ಚಾಚಿತ್ತು. ಅಲ್ಲಿ ಒಂದು ಕ್ಷಣ ನಿಂತು ಅದನ್ನು ಸುತ್ತು ಹಾಕಿತು. ಮುಟ್ಟಲಿಲ್ಲ, ಎಡವಲಿಲ್ಲ. ಹೋಗಿ ಅಜ್ಜಿಯ ಸೀರೆ ಹಿಡಿಯಿತು. ಭಾವ ತಾವಾಗಿಯೇ ಕಾಲು ಹಿಂದಕ್ಕೆ ಎಳೆದುಕೊಂಡರು.

"ಎರಡು ವರ್ಷ ಇವಳು ನನ್ನನ್ನು ನೋಡ್ತಾ ಇದ್ದಳು ಮಾಣಿ" ಎಂದರು ಅತ್ತೆ, ದೊಡ್ಡ ಮಗನಿಗೆ. ಸ್ವರ ಏರಿಸಲಿಲ್ಲ. "ನೀವೆಲ್ಲ ಸೇರಿ ನನ್ನನ್ನು ಒಳಗೆ ಕೂರಿಸಿದಿರಿ. ಇನ್ನು ಇವಳನ್ನು ಎಲ್ಲಿಗೂ ಕಳಿಸ್ಲಿಕ್ಕಿಲ್ಲ. ಆ ಕಾಗದ ಹರಿದು ಹಾಕು."

ನೀವೆಲ್ಲ ಎಂದಾಗ ಅವರು ನನ್ನ ಕಡೆ ನೋಡಲಿಲ್ಲ. ನೋಡದೆ ಬಿಟ್ಟದ್ದು ನನಗೆ ತಿಳಿಯಿತು. ಭಾವ ಫಾರಂ ಹರಿಯಲಿಲ್ಲ, ಮಡಚಿ ಜೇಬಿಗೆ ಹಾಕಿಕೊಂಡರು. ಕಾಫಿ ಕುಡಿಯದೆ ಹೋದರು. ಮತ್ತೆ ಆ ವಿಷಯ ಎತ್ತಲಿಲ್ಲ. ನನ್ನ ಗಂಡ ಪೆನ್ನಿನ ಟೊಪ್ಪಿ ಹಾಕಿದರು.

ಅಂದು ಮಧ್ಯಾಹ್ನ ನಾನು ಬಚ್ಚಲಿನಲ್ಲಿ ಕೂತು ಸೋಪು ಹಚ್ಚಿ ಎರಡೂ ಕೈಯ ಬಳೆಗಳನ್ನು ತೆಗೆದೆ. ಯಾರಿಗೆ ಏನು ತೋರಿಸಲು ತೆಗೆದೆನೋ ಗೊತ್ತಿಲ್ಲ. ಕ್ಷಮಿಸಿ ಎನ್ನುವ ಮಾತು ಬಾಯಿಗೆ ಬರುತ್ತಿರಲಿಲ್ಲ, ಅದರ ಬದಲಿಗೆ ಇರಬೇಕು. ಹಾಗೇ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅತ್ತೆ ಮಗುವನ್ನು ಎದುರು ಕೂರಿಸಿಕೊಂಡು ಬಾಳೆಲೆಯ ಚೂರಿನ ಮೇಲೆ ಇಡ್ಲಿ ಇಡುತ್ತಿದ್ದರು. ಸ್ಟೀಲಿನ ತಟ್ಟೆಯಲ್ಲಿ ಹುಡುಕಲಾಗದ ಇಡ್ಲಿಯನ್ನು ಹಸಿರೆಲೆಯ ಮೇಲೆ ಅವಳು ತಾನೇ ಎತ್ತಿ ತಿನ್ನುತ್ತಾಳೆ ಎಂದು ಆ ನಾಲ್ಕೇ ದಿನಗಳಲ್ಲಿ ಕಂಡುಹಿಡಿದವರು ಅವರು. ತಲೆಯೆತ್ತಿ ನನ್ನ ಬರಿಗೈ ನೋಡಿದರು. ಅಷ್ಟು ಸಿಟ್ಟನ್ನು ನಾನು ಅವರ ಮುಖದಲ್ಲಿ ಅದೇ ಮೊದಲ ಸಲ ನೋಡಿದ್ದು.

"ಬರಿಗೈ ಅಂದರೆ ಆಟ ಅಂತ ಮಾಡಿದ್ದೀಯಾ?" ಎಂದರು. "ಹೋಗು, ಹಾಕ್ಕೊಂಡು ಬಾ. ನೀನು ಎಲ್ಲಿದ್ದಿ ಅಂತ ಅವಳಿಗೆ ಗೊತ್ತಾಗುವುದು ಬಳೆಯಿಂದ. ನನಗೆ ಬೇಡ. ನನ್ನನ್ನು ಅವಳು ನೋಡ್ತಾಳೆ."

ನಾನು ಹೋಗಿ ಬಳೆ ಹಾಕಿಕೊಂಡೆ.